ಬೆಳ್ಳಿ ಡಾಬು, ಒಂದು ಲೋಟ ನೀರು

ದಬಾರ್!

ಒಂದಿಡೀ ಬಕೆಟ್ ನೀರು ನಾಜೆಲಿಯ ತಲೆಯ ಮೇಲೆ ಸುರಿಯಿತು. ಕೈಯಲ್ಲಿದ್ದ ರಟ್ಟಿನ ಡಬ್ಬಿಗಳು ನೆನೆದು ಮುದ್ದೆಯಾದವು. ಅವಳೇ ಮಾಡಿದ ಬೆಳ್ಳಿಯ ದಾಳಿಂಬೆ ಪದಕಗಳು ಸಂತೆಯ ಕಲ್ಲುಹಾಸಿನ ಮೇಲೆ ಚೆಲ್ಲಾಪಿಲ್ಲಿಯಾದವು.

"ರೀ! ಕಣ್ಣು ಕಾಣ್ಸಲ್ವಾ ನಿಮ್ಗೆ?"

"ಕಾಣ್ಸುತ್ತೆ. ಅದಕ್ಕೇ ಗುರಿ ತಪ್ಪಲಿಲ್ಲ! ಇವತ್ತು ವರ್ದಾವರ್ ಕಣ್ರೀ, ಕೋಪ ಮಾಡ್ಕೊಳ್ಳೋ ಹಾಗಿಲ್ಲ!"

ಹೌದಲ್ಲ... ವರ್ದಾವರ್ ಹಬ್ಬದ ದಿನ ಯೆರೆವಾನ್ ನಗರದಲ್ಲಿ ಯಾರು ನೀರೆರಚಿದರೂ ನಗಲೇಬೇಕು. ನಾಜೆಲಿ ಹಲ್ಲು ಕಚ್ಚಿಕೊಂಡು ನಕ್ಕಳು. ನೀರು ಸುರಿದವನು ಮಾತ್ರ ಮಂಡಿಯೂರಿ, ಒಂದೊಂದೇ ಪದಕವನ್ನು ತನ್ನ ಅಂಗಿಯಲ್ಲಿ ಒರೆಸಿ ಕೊಟ್ಟ.

ಅವನ ಹೆಸರು ಅರೆಗ್. ಎದುರು ಸಾಲಿನಲ್ಲಿ ಮರಗೆತ್ತನೆಯ ಅಂಗಡಿ ಇಟ್ಟವನು. ಹಾಳಾದ ರಟ್ಟಿನ ಡಬ್ಬಿಗಳ ಬದಲಿಗೆ ಆಕ್ರೋಟಿನ ಮರದ ಪುಟ್ಟ ಪೆಟ್ಟಿಗೆಗಳನ್ನು ಕೆತ್ತಿ ತಂದುಕೊಟ್ಟ. ಆಮೇಲೆ ಕಾಫಿ ತಂದ. ಏಪ್ರಿಕಾಟ್ ತಂದ. ಬೇಸಿಗೆ ಮುಗಿಯುವಷ್ಟರಲ್ಲಿ ನಾಜೆಲಿಯ ಮನಸ್ಸು ಎದುರು ಸಾಲಿಗೆ ಹೋಗಿ ಕೂತಿತ್ತು!

ಚಳಿ ಶುರುವಾದಾಗ ಅರೆಗ್ ಹಿಂಜರಿಯುತ್ತ ಬಂದ.

"ಒಂದು ಬೆಳ್ಳಿ ಡಾಬು ಬೇಕು. ಹಳೇ ಕಾಲದ್ದರ ಥರ, ಕೊಂಡಿ ಮೇಲೆ ಎರಡು ಹಕ್ಕಿ. ಗುಟ್ಟು... ಯಾರಿಗೂ ಹೇಳ್ಬೇಡಿ."

ನಾಜೆಲಿ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು. ಬೆಳ್ಳಿ ಡಾಬನ್ನು ಗಂಡಿನ ಮನೆಯವರು ಕೊಡುವುದು ಸೊಸೆಯಾಗಿ ಬರುವವಳಿಗೆ!

"ಅಳತೆ?" ಎಂದಳು, ಪೆನ್ಸಿಲ್ ಎತ್ತಿಕೊಂಡು.

"ನಿಮಗಿಂತ... ಎರಡರಷ್ಟು ದಪ್ಪ."

'ದಪ್ಪಗಿದ್ದರೇನು, ಅದೃಷ್ಟವಂತೆ!'

ಬೆಳ್ಳಿ ತಂತಿ ಹೆಣೆಯುತ್ತ ಅತ್ತಳು, ಬೆಸುಗೆ ಹಾಕುತ್ತ ಬೈದಳು. ಆದರೆ ಕೈ ಮಾತ್ರ ಮೋಸ ಮಾಡಲಿಲ್ಲ, ಅಂಥ ಡಾಬನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಅದನ್ನು ಕೊಟ್ಟ ದಿನವೇ ಮರದ ಪೆಟ್ಟಿಗೆಗಳನ್ನೂ ಹಿಂತಿರುಗಿಸಿದಳು.

"ಇನ್ಮೇಲೆ ನನ್ನ ಅಂಗಡಿ ಕಡೆ ಬರ್ಬೇಡಿ."

"ನಾನೇನು ಮಾಡ್ದೆ?"

ಅವಳು ಬಾಗಿಲು ಹಾಕಿಕೊಂಡಳು. ಅವನು ಮತ್ತೆ ಬರಲಿಲ್ಲ.

ಪ್ರೇಮಿಗಳನ್ನು ಕಾಯುವ ಸಂತ ಸರ್ಗಿಸ್‌ನ ಹಬ್ಬದ ಹಿಂದಿನ ದಿನ, ಹಿಮದಲ್ಲಿ ಏದುಸಿರು ಬಿಡುತ್ತ ಒಬ್ಬ ದಪ್ಪನೆಯ ಅಜ್ಜಿ ಅಂಗಡಿಗೆ ಬಂದರು. ಕೋಟಿನ ಮೇಲೆ ಅದೇ ಡಾಬು!

"ಅರೆಗ್‌ನ ಅಜ್ಜಿ ನಾನು, ಜಾಬೆಲ್. ಹಿಂದೆ ಯುದ್ಧದ ಕಾಲದಲ್ಲಿ, ಕರೆಂಟಿಲ್ಲದ ಆ ಕೆಟ್ಟ ಚಳಿಗಾಲದಲ್ಲಿ ಸೌದೆಗೋಸ್ಕರ ನನ್ನ ಡಾಬು ಮಾರಿದ್ದೆ, ಮಗಳೇ. ಮೊಮ್ಮಗ ಗುಟ್ಟಾಗಿ ಅಂಥದ್ದೇ ಮಾಡಿಸಿ ಕೊಟ್ಟಿದ್ದಾನೆ. ಮಾಡಿದ ಕೈಗೆ ಮುತ್ತು ಕೊಡೋಣ ಅಂತ ಬಂದೆ."

"ಮತ್ತೆ... ಅವರ ಮದುವೆ?"

"ಮದುವೆನಾ? ಹುಡುಗಿ ಮೇಲೆ ಬಕೆಟ್‌ಗಟ್ಲೆ ನೀರು ಸುರಿಯೋ ಪೆದ್ದನಿಗೆ ಹೆಣ್ಣು ಕೊಡೋರ್ಯಾರು?" ಅಜ್ಜಿ ಕಣ್ಣು ಮಿಟುಕಿಸಿದರು. "ಪೆಟ್ಟಿಗೆ ವಾಪಸ್ ಕೊಟ್ಯಂತೆ? ಅವತ್ತಿಂದ ನೆಟ್ಟಗೆ ಊಟ ಮಾಡಿಲ್ಲ ಅವನು."

ಅಯ್ಯೋ ದೇವರೇ! ಎಂಥ ಕೆಲಸ ಮಾಡಿಬಿಟ್ಟೆ!

ನಾಜೆಲಿ ನಗಲಾರದೆ ಅಳಲಾರದೆ ನಿಂತಳು. ಅಜ್ಜಿ ಅವಳ ಅಂಗೈಯಲ್ಲಿ ಒಂದು ಉಪ್ಪು ರೊಟ್ಟಿ ಇಟ್ಟರು.

"ಇವತ್ತು ಇದನ್ನ ತಿಂದು, ನೀರು ಕುಡೀದೆ, ಮಾತಾಡದೆ ಮಲಕ್ಕೋ. ಕನಸಲ್ಲಿ ಯಾರು ನೀರು ಕೊಡ್ತಾರೋ ಅವನೇ ನಿನ್ನ ಗಂಡ."

ತಿಂದಳು. ಬಾಯೆಲ್ಲ ಉಪ್ಪು! ಆದರೆ ನಿದ್ದೆಯೇ ಹತ್ತಲಿಲ್ಲ, ಇನ್ನು ಕನಸೆಲ್ಲಿಂದ ಬರಬೇಕು? 'ನನ್ನ ಹಣೆಯಲ್ಲೇ ಬರೆದಿಲ್ಲ' ಎಂದುಕೊಂಡು, ಒಣಗಿದ ಗಂಟಲಲ್ಲೇ ಬೆಳಿಗ್ಗೆ ಅಂಗಡಿಗೆ ಹೊರಟಳು.

ಬಾಗಿಲ ಬಳಿ ಅರೆಗ್ ನಿಂತಿದ್ದ. ಟೋಪಿಯ ಮೇಲೆ ಹಿಮ, ಕೈಯಲ್ಲೊಂದು ಲೋಟ ನೀರು.

"ಕನಸಲ್ಲಿ ಬಂದಿದ್ನಾ ನಾನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು.

"ಅಜ್ಜಿ ರೊಟ್ಟಿ ವಿಷಯ ಹೇಳಿದ್ರು. ಕನಸಲ್ಲಿ ಬರ್ತೀನೋ ಇಲ್ವೋ ಅಂತ ಎದ್ದೇ ಬಂದೆ. ಕುಡಿ ನಾಜೆಲಿ... ನೀನಂದ್ರೆ ನನಗೆ ಪ್ರಾಣ."

ಅವಳು ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದಳು. ಒಂದು ಹನಿಯನ್ನೂ ಬಿಡಲಿಲ್ಲ.

"ಬಕೆಟ್‌ನಿಂದ ಲೋಟಕ್ಕೆ ಬರೋಕೆ ಇಷ್ಟು ದಿನ ಬೇಕಾಯ್ತಾ ನಿನಗೆ?"

ಅರೆಗ್ ನಕ್ಕ. ಕೋಟಿನ ಜೇಬಿನಿಂದ ಮೆಲ್ಲಗೆ ಆ ಡಾಬನ್ನು ತೆಗೆದ.

"ಇದನ್ನ ಚಿಕ್ಕದು ಮಾಡಿಕೊಡ್ಬೇಕಂತೆ. ಅಜ್ಜಿ ಹೇಳಿ ಕಳಿಸಿದ್ದಾರೆ."

"ಯಾರ ಅಳತೆಗೆ?"

"ನಿನ್ನ ಅಳತೆಗೆ."