ಓಣಿಯ ಬಾಯಲ್ಲಿದ್ದ ಗಡಿಕಲ್ಲು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಲಾಂಡ್ರಿಯವನು ಠಾಣೆಯ ಮೆಟ್ಟಿಲು ಹತ್ತಿದ. ಅಂಗಿಯ ಇಸ್ತ್ರಿ ಕೆಟ್ಟಿರಲಿಲ್ಲ, ಮುಖ ಮಾತ್ರ ಕೆಂಡವಾಗಿತ್ತು.

"ನನ್ನ ಭಾವಮೈದುನ ಗಡಿಕಲ್ಲು ಕಿತ್ತು ನಮ್ಮ ಜಾಗದೊಳಗೆ ನೆಟ್ಟಿದ್ದಾನೆ ಸಾರ್. ಇವತ್ತೇ ಒಳಗೆ ಹಾಕಿ ಅವನನ್ನ."

"ನೆಡೋದನ್ನ ನೋಡಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ನೋಡೋದೇನು? ಲಾಭ ಯಾರಿಗೆ ಅಂತ ಗೊತ್ತಾದ್ರೆ ಸಾಲದಾ?"

ವಿಷಯ ಇಷ್ಟು. ಲಾಂಡ್ರಿಯವನ ಹೆಂಡತಿಗೂ ಅವಳ ತಮ್ಮನಾದ ವೆಲ್ಡರ್‌ಗೂ ತಂದೆಯ ಜಾಗ ಪಾಲಾಗಿತ್ತು. ಬೀದಿಯ ಕಡೆಯದು ಅಕ್ಕನಿಗೆ, ಹಿಂದಿನದು ತಮ್ಮನಿಗೆ. ತಮ್ಮನ ಮನೆಯಿಂದ ಬರುವ ಓಣಿ ಒಳಗೆ ಅಗಲವಾಗಿದ್ದು, ಬೀದಿಯ ಬಾಯಲ್ಲಿ ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಕಿರಿದಾಗುತ್ತಿತ್ತು. ಪಾಲಾದ ದಿನದಿಂದ ಅಕ್ಕ ತಮ್ಮನ ನಡುವೆ ಮಾತಿಲ್ಲ. ಸೋಮವಾರ ಲಾಂಡ್ರಿಯವನು ಗಿರಾಕಿಗಳಿಗೆ ಬಟ್ಟೆ ಕೊಟ್ಟು ಸಂಜೆ ಬರುವಷ್ಟರಲ್ಲಿ ಕಲ್ಲೂ ಅದಕ್ಕೆ ಕಟ್ಟಿದ್ದ ತಂತಿಬೇಲಿಯೂ ಅವನ ಅಂಗಳದೊಳಕ್ಕೆ ಸರಿದಿದ್ದವು. ಓಣಿಯ ಬಾಯಲ್ಲಿ ಈಗ ಕಾರು ನುಗ್ಗುವಷ್ಟು ದಾರಿ.

ಎಫ್‌ಐಆರ್ ದಾಖಲಾಯಿತು. ವೆಲ್ಡರ್ ಸಿಕ್ಕಿದ್ದು ಆಸ್ಪತ್ರೆಯ ವಾರ್ಡಿನಲ್ಲಿ, ಹೆಂಡತಿಯ ಮಂಚದ ಪಕ್ಕ.

"ಕಲ್ಲು ಸರಿಸಿದ್ದು ನೀನಾ?" ಇನ್‌ಸ್ಪೆಕ್ಟರ್ ಕೇಳಿದರು.

"ಯಾವ ಕಲ್ಲು? ಅವರ ಗೇಣು ಮಣ್ಣೂ ನನಗೆ ಬೇಡ ಸಾರ್. ಬಿಟ್ಟಿ ಕೊಟ್ಟರೂ ಮುಟ್ಟಲ್ಲ."

"ನಿನ್ನೆ ಎಲ್ಲಿದ್ದೆ?"

"ಇಲ್ಲೇ. ಇವಳ ಸೊಂಟದ ಮೂಳೆ ಮುರಿದಿದೆ."

ನಿನ್ನೆಯಿಡೀ ಅವನು ವಾರ್ಡು ಬಿಟ್ಟು ಕದಲಲಿಲ್ಲವೆಂದು ನರ್ಸ್ ಹೇಳಿಕೆ ಕೊಟ್ಟಳು. ಲಾಭವಿದ್ದವನ ಮೇಲಿನ ಅನುಮಾನ ಕಳಚಿತು.

"ಇನ್ನು ಬಾಯಿಮಾತು ಸಾಕು, ನೆಲವನ್ನೇ ಕೇಳೋಣ," ಎಂದು ಇನ್‌ಸ್ಪೆಕ್ಟರ್ ಸರ್ವೇಯರ್‌ಗೆ ಹೇಳಿಕಳಿಸಿದರು.

ಮೂರು ಗಂಟೆಗೆ ಆಕೆ ಬಂದರು. ಬೀದಿಯ ಅಂಚಿನಲ್ಲಿ ಮುಕ್ಕಾಲಿ ನಿಲ್ಲಿಸಿ, ಮೇಲೆ ಅಳತೆಯ ಯಂತ್ರ ಕೂರಿಸಿ, ನೀರಿನ ಟ್ಯಾಂಕಿನ ಬುಡದಲ್ಲೂ ಸೇತುವೆಯ ಕಟ್ಟೆಯಲ್ಲೂ ಇದ್ದ ಹಳೆಯ ಗುರುತುಗಳಿಂದ ಅಳತೆ ಶುರುಮಾಡಿದರು. ಲಾಂಡ್ರಿಯವನಿಗೆ ತಾಳ್ಮೆ ತಪ್ಪಿತು.

"ಕಲ್ಲು ಎಲ್ಲಿತ್ತು ಅಂತ ನನಗೇ ಗೊತ್ತು. ಇಷ್ಟು ದೂರದಿಂದ ಯಾಕೆ ಮೇಡಂ?"

"ನಿಮಗೂ ಗೊತ್ತು, ಪಕ್ಕದವರಿಗೂ ಗೊತ್ತು. ಇಬ್ಬರಿಗೂ ಗೊತ್ತಿರೋದು ಒಂದೇ ಆಗಿದ್ರೆ ನನಗ್ಯಾರು ಸಂಬಳ ಕೊಡ್ತಿದ್ರು?" ಆಕೆ ಯಂತ್ರದಿಂದ ಕಣ್ಣು ತೆಗೆಯಲಿಲ್ಲ. "ಈ ಕಲ್ಲನ್ನ ನಂಬಿ ಬೀದಿಯ ಅಷ್ಟೂ ಮನೆ ಅಳೆದಿದ್ದಾರೆ. ಇದು ಸರಿದ್ರೆ ನಾಳೆ ಆ ತುದಿಯವರ ಅಡುಗೆಮನೆ ಪಕ್ಕದವರ ಪಾಲಾಗುತ್ತೆ."

ಕೊನೆಗೆ ಓಣಿಯ ಬಾಯಲ್ಲಿ ಗೂಟ ಹೊಡೆದು, "ಇಲ್ಲಿ ಅಗೆಯಿರಿ," ಎಂದರು.

ಮೀಸೆ ಎಂದೇ ಎಲ್ಲರೂ ಕರೆಯುವ ಕಾನ್‌ಸ್ಟೇಬಲ್ ಅಗೆದ. ಸಡಿಲ ಮಣ್ಣಿನಡಿ ಇದ್ದಿಲು, ಒಡೆದ ಹೆಂಚಿನ ಚೂರು.

"ಕಲ್ಲು ಕಿತ್ತರೂ ಜಾಗ ಸಿಗಲಿ ಅಂತ ಹಿಂದಿನ ಸರ್ವೇಯರ್‌ಗಳು ಹಾಕಿಟ್ಟಿದ್ದು. ಇದ್ದಿಲು ಕೊಳೆಯಲ್ಲ," ಎಂದರು ಆಕೆ.

ಪಂಚರ ಎದುರು ಪಂಚನಾಮೆ ಬರೆಯುವಾಗ ಮೀಸೆ ನೆಲಕ್ಕೆ ಬಗ್ಗಿದ.

"ಸಾರ್, ಇಲ್ಲಿಂದ ಕಲ್ಲು ಈಗಿರೋ ಗುಂಡಿವರೆಗೂ ಕೈಗಾಡಿ ಗುರುತಿದೆ. ಒಂದು ಚಕ್ರ ಸೊಟ್ಟ. ಗಾಡಿ ಕುಂಟಿದೆ."

ಕುಂಟಿದ ಗುರುತು ಲಾಂಡ್ರಿಯ ಹಿತ್ತಿಲಿಗೇ ಹೋಯಿತು. ಒದ್ದೆ ಬಟ್ಟೆ ಸಾಗಿಸುವ ಗಾಡಿ ಅಲ್ಲಿತ್ತು. ಹಲಗೆಯ ಮೇಲೆ ಹೊಸ ಗೀರು, ಕಲ್ಲಿನ ಪುಡಿ. ಲಾಂಡ್ರಿಯವನ ಹೆಂಡತಿ ಹಗ್ಗಕ್ಕೆ ಚಾದರ ಹರವುತ್ತಿದ್ದಳು. ಗಂಡ ತಮ್ಮನ ಮೇಲೆ ದೂರು ಕೊಟ್ಟದ್ದು ಅವಳಿಗೆ ಗೊತ್ತಿರಲಿಲ್ಲ.

"ನಿನ್ನೆ ಈ ಗಾಡಿ ಯಾರ ಹತ್ರ ಇತ್ತಮ್ಮ?" ಇನ್‌ಸ್ಪೆಕ್ಟರ್ ಕೇಳಿದರು. "ನಿಮ್ಮ ತಮ್ಮನ ಮೇಲೆ ಕೇಸಾಗಿದೆ."

ಅವಳ ಕೈ ನಿಂತಿತು. "ಅವನ ಮೇಲ್ಯಾಕೆ? ಕಲ್ಲು ಕಿತ್ತಿದ್ದು ನಾನು. ತಂತಿ ಬಿಚ್ಚಿ ಹಾರೆ ಹಾಕಿ ಮೀಟಿದೆ, ಗಾಡಿಗೆ ಉರುಳಿಸಿದೆ."

"ತಲೆ ಕೆಟ್ಟಿದ್ಯಾ?" ಗಂಡ ಕೂಗಿದ. "ನಮ್ಮ ಜಾಗಕ್ಕೆ ನಾವೇ ಕನ್ನ ಹಾಕೋದಾ?"

"ನಮ್ಮದಲ್ಲ. ಅಪ್ಪ ನನಗೆ ಕೊಟ್ಟಿದ್ದು."

"ಜಾಗ ನಿಮ್ಮದೇ ಇರಬಹುದು. ಕಲ್ಲು ಸರ್ಕಾರದ್ದು," ಎಂದರು ಇನ್‌ಸ್ಪೆಕ್ಟರ್. "ಒಳ್ಳೇದಕ್ಕೆ ಅಂತ ನೀವು ಸರಿಸಿದ್ರೆ, ನಾಳೆ ಕೆಟ್ಟದ್ದಕ್ಕೆ ಸರಿಸುವವನನ್ನ ನಾನು ಹೇಗೆ ಹಿಡೀಲಿ? ನಿಮ್ಮನ್ನ ಬಂಧಿಸಬೇಕು."

ಅವಳು ತಲೆಯಾಡಿಸಿದಳು. ಬುಟ್ಟಿಯಲ್ಲಿ ಇನ್ನೊಂದು ಚಾದರವಿತ್ತು. ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಅದರ ಒಂದು ತುದಿ ಹಿಡಿದಳು. ಇಬ್ಬರೂ ಅದನ್ನು ಹರವಿ ಜೀಪು ಹತ್ತಿದರು.

ಠಾಣೆಯಲ್ಲಿ ಅವಳು ಹೇಳಿಕೆ ಕೊಟ್ಟಳು. ಹಿಂದಿನ ವಾರ ತಮ್ಮನ ಹೆಂಡತಿ ಜಾರಿಬಿದ್ದಾಗ ಸ್ಟ್ರೆಚರ್ ಓಣಿಯ ಬಾಯಲ್ಲಿ ಸಿಕ್ಕಿಕೊಂಡಿತು. ಮುರಿದ ಸೊಂಟದವಳನ್ನು ಎತ್ತಿ ನಿಲ್ಲಿಸಿ ಆಚೆಗೆ ಎಳೆದರು.

"ಆ ಕೂಗು ಕೇಳಿದ ಮೇಲೆ ಅನ್ನ ಗಂಟಲಲ್ಲಿ ಇಳೀಲಿಲ್ಲ ಸಾರ್. ಸ್ವಲ್ಪ ದಾರಿ ಬಿಡೋಣ ಅಂತ ನಮ್ಮನೆಯವರನ್ನ ಕೇಳಿದೆ, ಬೆರಳು ಕೊಟ್ಟರೆ ಹಸ್ತ ನುಂಗ್ತಾನೆ ಅಂದ್ರು. ಅವನಿಗೆ ನಾನಾಗಿ ಕೊಟ್ಟರೆ ದಾನ ಅಂತ ಮುಖಕ್ಕೆ ಎಸೀತಾನೆ. ಕಲ್ಲೇ ಒಳಗೆ ಸರಿದಿದ್ರೆ ಯಾರೂ ಕೊಟ್ಟ ಹಾಗಿಲ್ಲ, ಯಾರೂ ತಗೊಂಡ ಹಾಗಿಲ್ಲ ಅಂದ್ಕೊಂಡೆ."

ನಕ್ಷೆಗೆ ಸಹಿ ಹಾಕಲು ಬಂದಿದ್ದ ಸರ್ವೇಯರ್ ಕೇಳಿಸಿಕೊಂಡರು. "ಕಲ್ಲು ಹಳೇ ಜಾಗದಲ್ಲೇ ನಿಲ್ಲುತ್ತೆ," ಎಂದರು. "ತಮ್ಮನಿಗೆ ದಾರಿ ಬಿಡ್ತೀನಿ ಅಂತ ನೀವು ಅರ್ಜಿ ಕೊಟ್ಟರೆ ನಾನೇ ಅಳೆದು ದಾಖಲೆಗೆ ಸೇರಿಸ್ತೀನಿ. ಅದನ್ನ ಯಾರೂ ಕೀಳೋಕಾಗಲ್ಲ."

ಜಾಮೀನು ಸಿಗುವ ಅಪರಾಧ. ಆದರೆ ಲಾಂಡ್ರಿಯವನು ಸಿಟ್ಟಿನಲ್ಲಿ ಮನೆಯಲ್ಲೇ ಉಳಿದಿದ್ದ, ಜಾಮೀನಿಗೆ ನಿಲ್ಲುವವರಿರಲಿಲ್ಲ. ಐದೂವರೆಗೆ ವೆಲ್ಡರ್ ಆಸ್ಪತ್ರೆಯಿಂದ ನೇರ ಬಂದ. ಮೀಸೆ ಅವನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದ.

"ಜಾಮೀನು ನಾನು ಕೊಡ್ತೀನಿ."

"ಆರೋಪಿಗೆ ನೀವು ಏನಾಗಬೇಕು?" ಬರೆಯುತ್ತಿದ್ದ ಮೀಸೆ ಕೇಳಿದ, ಗೊತ್ತಿದ್ದೂ.

"ತಮ್ಮ," ಎಂದ ವೆಲ್ಡರ್. ಬೆಂಚಿನ ಮೇಲಿದ್ದವಳ ಕಡೆ ತಿರುಗಿ, "ಅಷ್ಟು ಭಾರದ ಕಲ್ಲು ಒಬ್ಬಳೇ ಎತ್ತೋದೇನಕ್ಕಾ? ಸೊಂಟ ಹಿಡೀಲಿಲ್ವಾ?" ಎಂದು ಕೇಳಿದ.