ಕಡ ತಂದ ಯೋಗದ ಪೀರಿಯಡ್

"ಅಯ್ಯೋ! ಏನಾಯ್ತು ಈ ಮಕ್ಕಳಿಗೆ?!"

ಹಾಲ್‌ನ ಬಾಗಿಲು ತಳ್ಳಿದ ಗಣಿತದ ಮಿಸ್‌ಗೆ ಜೀವವೇ ಬಾಯಿಗೆ ಬಂದಂತಾಯಿತು. ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಆ ಮಬ್ಬು ಬೆಳಕಿನಲ್ಲಿ ಅವಳ ಇಡೀ ಆರನೇ ಕ್ಲಾಸು ನೆಲದ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಕೈಕಾಲು ಚೆಲ್ಲಿ, ಕಣ್ಣು ಮುಚ್ಚಿ... ಒಬ್ಬರೂ ಅಲುಗಾಡುತ್ತಿಲ್ಲ!

ಗಾಬರಿಯಲ್ಲಿ ಒಳಗೆ ಓಡಿದಳು. ಚಪ್ಪಲಿಯ ಕೆಳಗೆ ಏನೋ ಮೆತ್ತಗೆ ಸಿಕ್ಕಿತು.

ಕೈ! ಮನುಷ್ಯನ ಕೈ!

ಆ ಕೈಯ ಯಜಮಾನ ಮಕ್ಕಳ ನಡುವೆಯೇ ಮಲಗಿದ್ದ. ಅವನ ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರೂ ಬಂತು. ಆದರೆ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡ.

"ಶ್... ಮಕ್ಕಳು ವಿಶ್ರಾಂತಿಯಲ್ಲಿದ್ದಾರೆ."

"ನೀವು... ನೀವ್ಯಾರು?"

"ಯೋಗದ ಮೇಷ್ಟ್ರು. ಮೊನ್ನೆ ತಾನೇ ಸೇರ್ಕೊಂಡೆ." ಅವನು ಪಿಸುಗುಟ್ಟಿದ. "ಮಿಸ್, ಕಾಲು ತೆಗೆದ್ರೆ ದೊಡ್ಡ ಉಪಕಾರ ಆಗುತ್ತೆ."

ಅವಳು ಹಾರಿ ಹಿಂದೆ ಸರಿದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವನು ಎದ್ದು ಕುಳಿತು, ಪಕ್ಕದಲ್ಲಿದ್ದ ಕಂಚಿನ ಪುಟ್ಟ ಬಟ್ಟಲನ್ನು ಮರದ ಕೋಲಿನಿಂದ ಮೆಲ್ಲಗೆ ತಟ್ಟಿದ. ಟಣ್... ದನಿ ಹಾಲ್ ತುಂಬ ಹರಡಿತು. ಸದ್ದು ಕೇಳಿಸುವುದು ನಿಂತ ಮೇಲೆ ಕೈ ಎತ್ತಬೇಕು, ಅದು ಮಕ್ಕಳಿಗೆ ಅವನು ಕಲಿಸಿದ್ದ ಆಟ. ಒಂದೊಂದೇ ಪುಟ್ಟ ಕೈ ಮೇಲೆದ್ದಿತು. ಎಲ್ಲರಿಗಿಂತ ಕೊನೆಗೆ ಎದ್ದದ್ದು ಗುಬ್ಬಿಯ ಕೈ. ಕ್ಲಾಸಿನಲ್ಲೇ ಅತಿ ಚಿಕ್ಕವಳು, ಹೆಸರಿಗೆ ತಕ್ಕಂತೆ ಪುಕ್ಕಲು. ಕರಿಹಲಗೆಯ ಮೇಲೆ ಲೆಕ್ಕ ಕಂಡರೆ ಸಾಕು, ಅಂಗೈ ಬೆವರುತ್ತಿತ್ತು.

"ನಿಮಗೆಷ್ಟು ಹೊತ್ತು ಕೇಳಿಸ್ತು, ಮಿಸ್?"

"ಹೊಡೆದ ತಕ್ಷಣ ಮುಗೀತಲ್ಲ!"

ಅವನು ನಕ್ಕ. ಬೆರಳು ಬಾತುಕೊಂಡಿದ್ದರೂ ನಕ್ಕ. ಆ ನಗು ಅವಳ ಎದೆಯೊಳಗೆ ಎಲ್ಲೋ ಹೋಗಿ ಕುಳಿತಿತು. ಅವಳಿಗೆ ಅದು ಗೊತ್ತಾಗಲಿಲ್ಲ, ಗೊತ್ತಾಗಿದ್ದರೂ ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ ಬಿಡಿ!

ಮಕ್ಕಳು ಅವಳಿಗಿಟ್ಟ ಹೆಸರು ಗುಡುಗು ಮಿಸ್. ಅವನಿಗೆ ಬಂದ ಹೆಸರು ಉಸಿರು ಸರ್.

*

ಗುಡುಗು ಮಿಸ್‌ಗೆ ಒಂದೇ ಚಿಂತೆ, ಪೋರ್ಷನ್. ಭಿನ್ನರಾಶಿ ಮುಗಿದಿಲ್ಲ, ದಶಮಾಂಶ ಶುರುವೇ ಆಗಿಲ್ಲ! ವರ್ಷದ ಕೊನೆಗೆ ಅವಳ ಕೆಲಸ ಕಾಯಂ ಆಗಬೇಕಿತ್ತು. ಕ್ಲಾಸಿನ ಮಾರ್ಕ್ಸ್ ಕುಸಿದರೆ ಅದಕ್ಕೂ ಎಳ್ಳುನೀರು.

ಒಂದು ದಿನ ಹಾಲ್‌ನ ಬಾಗಿಲಲ್ಲಿ ನಿಂತು ಕೇಳಿದಳು.

"ಸರ್... ಇವತ್ತೊಂದು ದಿನ ನಿಮ್ಮ ಪೀರಿಯಡ್ ಕೊಡ್ತೀರಾ?"

ಅವನು ಅವಳ ಮುಖ ನೋಡಿದ. ಹಾಸಲು ತಂದಿದ್ದ ಚಾಪೆಗಳನ್ನು ನೋಡಿದ. "ತಗೊಳ್ಳಿ ಮಿಸ್."

ಇವತ್ತೊಂದು ದಿನ ಎಂದದ್ದು ಮುಂದಿನ ವಾರವೂ ಬಂತು. ಅದರ ಮುಂದಿನ ವಾರವೂ ಬಂತು. ಅವಳು ಕೇಳುವುದು, ಅವನು "ತಗೊಳ್ಳಿ" ಎನ್ನುವುದು... 'ಒಂದು ದಿನವಾದ್ರೂ ಇಲ್ಲ ಅನ್ನಬಾರದಾ? ಸೋಮಾರಿಯೋ, ಒಳ್ಳೆಯವರೋ?' ಎಂದುಕೊಳ್ಳುತ್ತಿದ್ದಳು. ಆದರೆ ಕೇಳಲು ಹೋಗುವ ಮುಂಚೆ ಸ್ಟಾಫ್ ರೂಮಿನ ಕನ್ನಡಿಯಲ್ಲಿ ಒಮ್ಮೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಪೋರ್ಷನ್‌ಗೂ ಕೂದಲಿಗೂ ಏನು ಸಂಬಂಧವೋ!

ದೊಡ್ಡ ಮೇಡಂಗೆ ಸುದ್ದಿ ಹೋಯಿತು. ಇನ್ನೊಬ್ಬರ ಪೀರಿಯಡ್ ತೆಗೆದುಕೊಳ್ಳಬಾರದು ಎಂದು ಆ ಮುಖ್ಯೋಪಾಧ್ಯಾಯಿನಿ ವರ್ಷದ ಮೊದಲಲ್ಲೇ ಹೇಳಿದ್ದರು. ಸ್ಟಾಫ್ ಮೀಟಿಂಗ್ ಕರೆದರು.

"ಆರನೇ ಕ್ಲಾಸಿನ ಯೋಗದ ಪೀರಿಯಡ್‌ನಲ್ಲಿ ಪ್ರತಿ ವಾರ ಗಣಿತ ನಡೀತಿದೆಯಂತೆ. ಯಾಕೆ?"

ಎಲ್ಲರ ಕಣ್ಣೂ ಅವಳ ಮೇಲೆ.

'ನಾನೇ ಕೇಳಿ ತಗೊಂಡೆ ಅನ್ನು. ಅಷ್ಟೇ ತಾನೇ? ಅನ್ನು!'

ಆದರೆ ಬಾಯಿಂದ ಬಂದದ್ದೇ ಬೇರೆ.

"ನಾನೇನೂ ಕೇಳಲಿಲ್ಲ ಮೇಡಂ... ಸರ್ ತಾವಾಗೇ ಬಿಟ್ಟುಕೊಟ್ರು. ಅವರಿಗೂ ಮಲಗೋಕೆ ಟೈಮ್ ಸಿಗುತ್ತಲ್ವಾ?"

ಸ್ಟಾಫ್ ರೂಮೆಲ್ಲ ಗೊಳ್ಳೆಂದಿತು. ಅವಳೂ ನಕ್ಕಳು.

ಎದುರಿಗೆ ಕುಳಿತಿದ್ದ ಅವನು ನಗಲಿಲ್ಲ. ಒಮ್ಮೆ ಅವಳನ್ನು ನೋಡಿ ತಲೆ ತಗ್ಗಿಸಿದ.

"ಹೌದಾ ಸರ್?" ಎಂದರು ದೊಡ್ಡ ಮೇಡಂ.

"ಹೌದು ಮೇಡಂ. ನಾನೇ ಕೊಟ್ಟೆ."

ಅವಳ ನಗು ನಿಂತಿತು. ಈಗಲೂ ಹೇಳಬಹುದಿತ್ತು... ಹೇಳಲಿಲ್ಲ. ದಸರಾ ರಜೆ ಮುಗಿದು ಶಾಲೆ ತೆರೆದಾಗ ಹಾಲ್‌ಗೆ ಬೀಗ ಬಿದ್ದಿತ್ತು. ಬಿಟ್ಟುಕೊಡುವ ಪೀರಿಯಡ್ ಯಾಕೆ ಎಂದು ದೊಡ್ಡ ಮೇಡಂ ಯೋಗವನ್ನೇ ಟೈಮ್‌ಟೇಬಲ್‌ನಿಂದ ತೆಗೆದಿದ್ದರು. ಉಸಿರು ಸರ್ ಕೂಡ ಇರಲಿಲ್ಲ.

*

ಅವಳ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಮಗಳು ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದನ್ನು ನೋಡಿ ಮಷಿನ್ ನಿಲ್ಲಿಸಿದರು.

"ಏನೇ ಅದು, ಊಟದ ಮುಂದೆ ಕೂತು ಗೋಡೆ ನೋಡ್ತಿದೀಯ?"

"ಅಮ್ಮಾ... ನನ್ನಿಂದ ಒಬ್ಬರ ಕೆಲಸ ಹೋಯ್ತು." ಹೇಳುತ್ತಲೇ ಅವಳ ಕಣ್ಣು ತುಂಬಿತು. ಎಲ್ಲವನ್ನೂ ಹೇಳಿದಳು.

ಅಮ್ಮ ಪೂರ್ತಿ ಕೇಳಿಸಿಕೊಂಡರು. "ನೀನು ಸುಳ್ಳು ಹೇಳಿದಾಗ ಆ ಹುಡುಗ ಯಾಕೆ ಸುಮ್ಮನಿದ್ದ?"

"ಅದೇ ಗೊತ್ತಾಗ್ತಿಲ್ಲಮ್ಮ..."

"ನಿನಗೆ ಲೆಕ್ಕ ಬಿಟ್ಟು ಬೇರೇನೂ ಗೊತ್ತಾಗಲ್ಲ ಬಿಡು!" ಅಮ್ಮ ಮತ್ತೆ ಮಷಿನ್ ತುಳಿಯತೊಡಗಿದರು. "ಹೋಗಿ ನಿಜ ಹೇಳು. ಹೊಟ್ಟೇಲಿಟ್ಕೊಂಡು ಎಷ್ಟು ದಿನ ಉಪವಾಸ ಕೂರ್ತೀಯ?"

ಆದರೂ ಧೈರ್ಯ ಬರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ... ಕಾಯಂ ಪತ್ರವೊಂದು ಕೈಗೆ ಬರಲಿ, ಆಮೇಲೆ ಹೇಳೋಣ. ಛೀ, ನಾನೆಂಥವಳು!

ಕ್ಲಾಸು ಮಾತ್ರ ಮೊದಲಿನಂತಿರಲಿಲ್ಲ. ಮಾತೆತ್ತಿದರೆ ಜಗಳ. ಹಿಂದಿನ ಬೆಂಚಿನವರು ಪೆನ್ಸಿಲ್‌ಗಾಗಿ ಕೈ ಕೈ ಮಿಲಾಯಿಸಿದರು. ಯೋಗ ಮುಗಿಸಿ ಬಂದ ದಿನಗಳಲ್ಲಿ ಇದೇ ಮಕ್ಕಳು ಎಷ್ಟು ಹಗುರಾಗಿ ಕುಳಿತುಕೊಳ್ಳುತ್ತಿದ್ದರು! ಒಮ್ಮೆ ಹೇಳಿದ್ದು ತಲೆಗೆ ಹೋಗುತ್ತಿತ್ತು. ಆಗ ಅದು ತನ್ನ ಪಾಠದ ಚಾಲಾಕಿ ಎಂದೇ ಅವಳು ತಿಳಿದಿದ್ದಳು.

ಟೆಸ್ಟ್ ದಿನ ಪ್ರಶ್ನೆಪತ್ರಿಕೆ ಹಂಚಿದಳು. ಗುಬ್ಬಿ ಪೆನ್ನು ಹಿಡಿದವಳು ಹಾಗೇ ಕುಳಿತುಬಿಟ್ಟಳು.

"ಏಯ್, ಯಾಕೆ ಬರೀತಿಲ್ಲ?" ಅಭ್ಯಾಸಬಲದಿಂದ ಗುಡುಗಿದಳು ಗುಡುಗು ಮಿಸ್.

ಗುಬ್ಬಿಯ ತುಟಿ ನಡುಗಿತು. ಮೈಯೆಲ್ಲ ಬೆವೆತಿತು. ಉಸಿರು ಒಳಗೆ ಹೋಗದೆ, ಹೊರಗೆ ಬರದೆ ಮಗು ಮೇಲುಸಿರು ಬಿಡತೊಡಗಿತು.

"ಗುಬ್ಬೀ! ಏನಾಯ್ತು ಪುಟ್ಟಾ? ಯಾರಾದ್ರೂ ನೀರು ಕೊಡ್ರೋ!"

"ಮಿಸ್, ಬಟ್ಟಲು ಹೊಡೀರಿ!" ಪಕ್ಕದ ಹುಡುಗಿ ಕೂಗಿದಳು. "ಇವಳಿಗೆ ಹೀಗಾದ್ರೆ ಉಸಿರು ಸರ್ ಅದನ್ನೇ ಮಾಡ್ತಿದ್ರು!"

ಬಟ್ಟಲೆಲ್ಲಿದೆ? ಅದು ಅವನ ಜೊತೆಯೇ ಹೋಗಿತ್ತು. ಕೈಗೆ ಸಿಕ್ಕ ಸ್ಟೀಲ್ ಬಾಟಲಿಯನ್ನು ಬೀರುವಿನ ಕೀಲಿಯಿಂದ ತಟ್ಟಿದಳು. ಟಿಣ್...

ಯಾರೂ ಹೇಳದೆಯೇ ಇಡೀ ಕ್ಲಾಸು ಕಣ್ಣು ಮುಚ್ಚಿತು. ಹಿಂದಿನ ಬೆಂಚಿನ ಜಗಳಗಂಟರೂ ಮುಚ್ಚಿದರು. ಅವಳು ಮತ್ತೆ ತಟ್ಟಿದಳು, ಮತ್ತೆ ತಟ್ಟಿದಳು. ಗುಬ್ಬಿ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡಳು. ಹೊಟ್ಟೆ ಮೆಲ್ಲಗೆ ಉಬ್ಬಿತು... ಇಳಿಯಿತು. ಮುಖಕ್ಕೆ ಬಣ್ಣ ಬಂತು. ಕೊನೆಗೆ ಅವಳ ಕೈಯೂ ಮೇಲೆದ್ದಿತು.

ಗುಡುಗು ಮಿಸ್ ಅವಳ ಮುಂದೆ ಮಂಡಿಯೂರಿದಳು. "ನನ್ನಿಂದ ಹೆದರಿಕೆ ಆಯ್ತಾ ಕಂದಾ?"

ಗುಬ್ಬಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು. "ಮಿಸ್... ಸರ್ ಹೋಗಿದ್ದು ನಿಮ್ಮಿಂದಾನೇ ಅಂತ ಎಲ್ರೂ ಹೇಳ್ತಾರೆ. ನಿಜಾನಾ?"

ಸುಳ್ಳು ಹೇಳಲು ಒಂದು ಕ್ಷಣ ಸಾಕಿತ್ತು. ಆದರೆ ಈ ಕಣ್ಣುಗಳ ಮುಂದೆ?

"ನಿಜ ಪುಟ್ಟಾ," ಎಂದಳು. ಅವಳ ಕೆನ್ನೆಯ ಮೇಲೆ ನೀರಿಳಿಯಿತು.

"ಮತ್ತೆ ಕರ್ಕೊಂಡು ಬನ್ನಿ," ಎಂದಳು ಗುಬ್ಬಿ, ಮರೆತು ಬಂದ ಛತ್ರಿ ತರಲು ಹೇಳಿದಷ್ಟು ಸಲೀಸಾಗಿ.

*

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರೆ ಅವತ್ತು ಮೀಟಿಂಗ್‌ನಲ್ಲಿ ಸುಳ್ಳು ಹೇಳಿದ್ರಿ?"

"ಹೌದು ಮೇಡಂ. ಪ್ರತಿ ಸಲ ನಾನೇ ಕೇಳಿ ತಗೊಂಡೆ. ತಪ್ಪು ನನ್ನದು."

"ನಿಮ್ಮ ಕಾಯಂ ಪತ್ರಕ್ಕೆ ಸಹಿ ಹಾಕೋದ್ರಲ್ಲಿದ್ದೆ. ಈಗ ಹಾಕಲ್ಲ. ಮುಂದಿನ ವರ್ಷ ನೋಡೋಣ."

ಎದೆ ಧಸಕ್ಕೆಂದಿತು. ಆದರೂ ವಿಚಿತ್ರವೆಂದರೆ, ಎಷ್ಟೋ ದಿನದ ಮೇಲೆ ಅವಳಿಗೆ ಸರಿಯಾಗಿ ಉಸಿರಾಡಲು ಆಯಿತು.

"ಸರಿ ಮೇಡಂ. ಆದರೆ ಅವರನ್ನ ವಾಪಸ್ ತಗೊಳ್ಳಿ."

"ತಗೋಬಹುದು. ಪೀರಿಯಡ್ ಎಲ್ಲಿಂದ ತರಲಿ? ಅದನ್ನ ಇಂಗ್ಲಿಷ್‌ಗೆ ಕೊಟ್ಟಾಯ್ತು."

"ನನ್ನ ಗಣಿತದ್ದೇ ಒಂದು ಕೊಡ್ತೀನಿ."

"ಮತ್ತೆ ನಿಮ್ಮ ಪೋರ್ಷನ್?" ದೊಡ್ಡ ಮೇಡಂ ಹುಬ್ಬೇರಿಸಿದರು.

"ಹೆದರಿ ಕೂತಿರೋ ಮಗುಗೆ ನಾನೆಷ್ಟು ಕಿರುಚಿದ್ರೂ ಲೆಕ್ಕ ತಲೆಗೆ ಹೋಗಲ್ಲ ಮೇಡಂ. ಇವತ್ತು ಕಣ್ಣಾರೆ ನೋಡಿದೆ."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. "ಹೋಗಿ ಕೇಳಿ. ಬರ್ತಾರೋ ಇಲ್ವೋ ಅವರಿಷ್ಟ."

*

ಉಸಿರು ಸರ್ ಈಗ ಹಾಸಿಗೆ ಅಂಗಡಿಯಲ್ಲಿದ್ದಾರೆ ಎಂದು ಹೇಳಿದ್ದು ಗೇಟಿನ ವಾಚ್‌ಮನ್. ಸಂಜೆ ಅವಳು ಅಂಗಡಿಯೊಳಗೆ ಕಾಲಿಟ್ಟಾಗ ಅವನು ಒಂದು ಸ್ಪಂಜಿನ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದ. ಪಕ್ಕದ ಹಾಸಿಗೆಯಲ್ಲಿ ಗಿರಾಕಿ ಅಜ್ಜರೊಬ್ಬರು ಮಲಗಿದ್ದರು.

"ಭುಜ ಸಡಿಲ ಬಿಡಿ ಅಜ್ಜ. ಈಗ ಬೆನ್ನಿಗೆ ಹೇಗನ್ಸುತ್ತೆ, ಗಮನಿಸಿ..."

ಅವಳಿಗೆ ನಗು ಬಂತು, ಜೊತೆಗೇ ಅಳುವೂ ಒತ್ತರಿಸಿತು. ಮಕ್ಕಳನ್ನು ಮಲಗಿಸುತ್ತಿದ್ದವನು ಈಗ ಗಿರಾಕಿಗಳನ್ನು ಮಲಗಿಸುತ್ತಿದ್ದಾನೆ, ತನ್ನಿಂದ! ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿರ ಹೋದಳು.

"ಸರ್... ಈ ಸಲ ತುಳಿಯಲ್ಲ."

ಅವನು ದಡಬಡಿಸಿ ಎದ್ದ. ಮುಖ ಅರಳಿತು, ಮರುಕ್ಷಣವೇ ಸಪ್ಪಗಾಯಿತು.

"ಹಾಸಿಗೆ ಬೇಕಿತ್ತಾ ಮಿಸ್?"

"ಕ್ಷಮೆ ಬೇಕಿತ್ತು." ಅವಳ ದನಿ ಒಡೆಯಿತು. "ನನ್ನ ಕೆಲಸ ಉಳಿಸ್ಕೊಳ್ಳೋಕೆ ನಿಮ್ಮ ಮರ್ಯಾದೆ ತೆಗೆದೆ. ದೊಡ್ಡ ಮೇಡಂಗೆ ಎಲ್ಲಾ ಹೇಳಿಬಿಟ್ಟೆ. ನನ್ನ ಒಂದು ಪೀರಿಯಡ್ ಯೋಗಕ್ಕೆ ಬಿಟ್ಟುಕೊಟ್ಟಿದೀನಿ. ವಾಪಸ್ ಬನ್ನಿ ಸರ್... ಗುಬ್ಬಿ ಕಾಯ್ತಿದಾಳೆ."

ಅವನು ಹಾಸಿಗೆಯ ಅಂಚನ್ನು ಸವರಿದ.

"ಅವತ್ತು ಎಲ್ರೂ ನಕ್ಕಿದ್ದಕ್ಕೆ ನನಗೆ ನೋವಾಗಲಿಲ್ಲ ಮಿಸ್. ನೀವೂ ನಕ್ಕಿರಿ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಆ ನಗು ನೆನೆಸ್ಕೊಂಡ್ರೆ ನನಗೆ ನಿದ್ದೆ ಬರಲ್ಲ ಸರ್..."

"ಆದರೆ ತಪ್ಪು ನಿಮ್ಮೊಬ್ಬರದೇ ಅಲ್ಲ." ಅವನು ತಲೆಯೆತ್ತಲಿಲ್ಲ. "ಆ ಪೀರಿಯಡ್ ನನ್ನದಲ್ಲ, ಮಕ್ಕಳದು. ಕೊಡೋಕೆ ನನಗೇನು ಹಕ್ಕಿತ್ತು? ಗುಬ್ಬಿಗೆ ಅದು ಎಷ್ಟು ಬೇಕು ಅಂತ ನನಗೆ ಗೊತ್ತಿತ್ತು. ಆದ್ರೂ ಕೊಟ್ಟೆ."

"ಯಾಕೆ ಸರ್?"

"ಇಲ್ಲ ಅಂದ್ರೆ ಮುಂದಿನ ವಾರ ನೀವು ಬಾಗಿಲಿಗೆ ಬರಲ್ಲ ಅಂತ." ಈಗ ಅವನು ಅವಳನ್ನು ನೋಡಿದ. "ವಾರವೆಲ್ಲ ಆ ಒಂದು ಗಳಿಗೆಗೆ ಕಾಯ್ತಿದ್ದೆ. ನಿಮ್ಮನ್ನ ಪ್ರೀತಿಸ್ತೀನಿ ಮಿಸ್. ಆ ಪ್ರೀತಿಗೆ ಮಕ್ಕಳ ಪೀರಿಯಡ್ ಕೊಟ್ಟುಬಿಟ್ಟೆ. ಯಾವ ಮುಖ ಇಟ್ಕೊಂಡು ವಾಪಸ್ ಬರಲಿ?"

ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. 'ನನಗೂ... ನನಗೂ ಇಷ್ಟ' ಎನ್ನಲು ನಾಲಿಗೆಯ ತುದಿಗೆ ಬಂತು. ಆದರೆ ಗುಬ್ಬಿಯ ಬೆವೆತ ಅಂಗೈ ನೆನಪಾಯಿತು.

"ನಾವಿಬ್ಬರೂ ಸೇರಿ ಮಕ್ಕಳದನ್ನ ಕಿತ್ಕೊಂಡಿದೀವಿ ಸರ್. ಮೊದಲು ಅದನ್ನ ವಾಪಸ್ ಕೊಡೋಣ. ಅಲ್ಲಿವರೆಗೂ ನಿಮಗೆ ಉತ್ತರ ಹೇಳೋ ಯೋಗ್ಯತೆ ನನಗಿಲ್ಲ."

"ಹೋಗಪ್ಪಾ ಹೋಗು!" ಪಕ್ಕದ ಹಾಸಿಗೆಯಿಂದ ಅಜ್ಜ ಕಣ್ಣು ತೆರೆಯದೆಯೇ ಗದರಿಸಿದರು. "ಇಬ್ಬರೂ ಅತ್ತು ಹಾಸಿಗೆ ಒದ್ದೆ ಮಾಡಿದ್ರೆ ನಾನಿದನ್ನ ತಗೊಳ್ಳಲ್ಲ!"

*

ಹಾಲ್‌ನ ಬೀಗ ತೆಗೆದ ದಿನ ಮಕ್ಕಳ ಕೇಕೆಗೆ ಕಿಟಕಿಯ ಗಾಜು ಅದುರಿತು. ಗುಡುಗು ಮಿಸ್ ಮಕ್ಕಳ ಮುಂದೆ ನಿಂತು ಕೈ ಮುಗಿದಳು. "ನಿಮ್ಮ ಪೀರಿಯಡ್ ನಾನು ತಗೊಂಡಿದ್ದೆ. ತಪ್ಪಾಯ್ತು. ಇವತ್ತಿಂದ ಅದು ನಿಮ್ಮದು. ನಾನು ಕೇಳಿದ್ರೂ ಕೊಡಬೇಡಿ!"

"ಕೊಡಲ್ಲಾ ಮಿಸ್!" ಎಂದು ಇಡೀ ಕ್ಲಾಸು ಕೂಗಿತು. ಎಲ್ಲರಿಗಿಂತ ಜೋರಾಗಿ ಉಸಿರು ಸರ್ ಕೂಗಿದ.

ಪರದೆ ಎಳೆದರು. ಕೊನೆಯ ಸಾಲಿನಲ್ಲಿ ಅವಳೂ ಒಂದು ಚಾಪೆ ಹಾಸಿಕೊಂಡು ಮಲಗಿದಳು. ಪಕ್ಕದಲ್ಲಿ ಅವನು. ಬಟ್ಟಲು ತಟ್ಟುವ ಕೆಲಸ ಇವತ್ತು ಗುಬ್ಬಿಯದು.

ಟಣ್...

ದನಿ ಅಲೆಅಲೆಯಾಗಿ ಹರಡಿತು. ಒಂದೊಂದೇ ಕೈ ಮೇಲೆದ್ದಿತು. ಕೊನೆಗೆ ಗುಬ್ಬಿಯೂ ಕೈ ಎತ್ತಿದಳು. ಗುಡುಗು ಮಿಸ್ ಮಾತ್ರ ಎತ್ತಲಿಲ್ಲ.

"ಮಿಸ್..." ಅವನು ಪಿಸುಗುಟ್ಟಿದ. "ಸದ್ದು ನಿಂತುಹೋಯ್ತು."

"ನನಗಿನ್ನೂ ಕೇಳಿಸ್ತಿದೆ."

"ಮತ್ತೆ... ನನ್ನ ಮಾತಿಗೆ ಉತ್ತರ?"

ಅವಳು ಕಣ್ಣು ತೆರೆಯಲಿಲ್ಲ. ಚಾಪೆಯ ಅಂಚಿನಿಂದ ಕೈ ಮೆಲ್ಲಗೆ ಸರಿಸಿ ಅವನ ಕೈಯ ಮೇಲಿಟ್ಟಳು. ಅಂದು ತುಳಿದಿದ್ದ ಅದೇ ಕೈ.

"ಇನ್ನೂ ನೋವಿದೆಯಾ?"

"ಸ್ವಲ್ಪ..." ಅವನ ದನಿ ನಡುಗಿತು. "ತೆಗೀಬೇಡಿ. ಹಾಗೇ ಇಟ್ಟಿರಿ."

"ಶ್!" ಎಂದಳು ಮುಂದಿನ ಸಾಲಿನಿಂದ ಗುಬ್ಬಿ. "ಮಿಸ್, ಸರ್... ಇದು ನಮ್ಮ ಪೀರಿಯಡ್ಡು!"