ಬಳೆ ತೆಗೆದ ಮರುದಿನ

ದೆವ್ವಗಿವ್ವ ಎಂದರೆ ನಾನು ನಂಬುವವನಲ್ಲ. ಆದರೆ ಆ ಸೋಮವಾರ ಮಧ್ಯಾಹ್ನ ತಂಬೂರು ಗ್ರಾಮದ ನನ್ನ ಮನೆಯಲ್ಲಿ ನಡೆದದ್ದು ಸುಳ್ಳಲ್ಲ.

ಹೆಂಡತಿ ಶಿವಗಂಗವ್ವನಿಗೆ ಮರೆವಿನ ರೋಗ. ಗಂಡನಾದ ನನ್ನನ್ನೇ ಅಣ್ಣಾ ಎನ್ನುತ್ತಾಳೆ. ರೊಟ್ಟಿ ಬಡಿಯುವುದನ್ನು ಮರೆತು ಎರಡು ವರ್ಷವಾಯಿತು. ಹಿಂದಿನ ದಿನ ಬಳೆ ಒಡೆದುಕೊಂಡು ಕೈ ಕೊಯ್ದುಕೊಂಡಿದ್ದಳು. ನಾನು ಸಿಟ್ಟಿಗೆದ್ದು ಉಳಿದ ಬಳೆಗಳನ್ನೆಲ್ಲ ತೆಗೆದು, ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡೆ.

"ಗಂಡ ಇದ್ದಾಕೀನ ಬರಿಗೈ ಮಾಡ್ತಾರೇನಲೇ?" ಎಂದು ಬಾಜು ಮನೆಯ ಮುದುಕಿ ದುರಗವ್ವ ಬೈದಳು.

"ನೀ ಬಂದು ಆಕೀನ ನೋಡ್ಕೋತೀ ಏನಬೇ?" ಎಂದೆ.

ಮರುದಿನ ಪಡಸಾಲೆಯಲ್ಲಿ ಶಿವಗಂಗವ್ವನಿಗೆ ಅನ್ನ ತಿನ್ನಿಸುತ್ತಿದ್ದೆ. ಮನೆಯಲ್ಲಿ ಇದ್ದವರು ನಾವಿಬ್ಬರೇ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಬಡಿತಕ್ಕೊಮ್ಮೆ ಬಳೆ ಘಲ್ಲೆನ್ನುತ್ತಿತ್ತು.

ಶಿವಗಂಗವ್ವ ನನ್ನ ತೋಳು ಹಿಡಿದಳು. ಅವಳ ಕೈ ಬಾವಿ ನೀರಿನಂತೆ ತಣ್ಣಗಿತ್ತು.

"ಯಣ್ಣಾ, ಒಳಗ ಹೋಗಬ್ಯಾಡ. ಆಕಿ ನನ್ನ ಬಳೆ ಹಾಕ್ಕೊಂಡಾಳ."

ಸದ್ದು ನಿಂತಿತು.

"ಬರ್ರಿ, ರೊಟ್ಟಿ ಆರತಾವ," ಎಂದು ಒಳಗಿನಿಂದ ಕರೆ ಬಂತು. ಅದು ನನ್ನ ಹೆಂಡತಿಯ ಮೊದಲಿನ ದನಿ. ಎರಡು ವರ್ಷದಿಂದ ನಾನು ಕೇಳದ ದನಿ.

ಎದ್ದು ಹೋಗಿ ನೋಡಿದೆ. ಯಾರೂ ಇರಲಿಲ್ಲ. ಶಿವಗಂಗವ್ವ ಒಲೆ ಹಚ್ಚಬಾರದೆಂದು ಬಿಚ್ಚಿಟ್ಟಿದ್ದ ಗ್ಯಾಸಿನ ರೆಗ್ಯುಲೇಟರ್ ನನ್ನ ಜೇಬಿನಲ್ಲೇ ಇತ್ತು. ಬುಟ್ಟಿಯಲ್ಲಿದ್ದ ಎರಡು ರೊಟ್ಟಿ ಕೈ ಸುಡುವಷ್ಟು ಬಿಸಿಯಾಗಿದ್ದವು.

ಉಡದಾರದ ಕೀಲಿಕೈ ಬಿಚ್ಚಿ ಟ್ರಂಕಿನ ಕೀಲಿ ತೆಗೆದೆ. ಬಳೆಗಳು ಇಟ್ಟಲ್ಲೇ ಇದ್ದವು. ಅವಕ್ಕೆಲ್ಲ ಜೋಳದ ಹಸಿ ಹಿಟ್ಟು ಮೆತ್ತಿತ್ತು.